ಮುಳುಗಿದವರಿಗೆ ಮೊದಲು ಉಸಿರು

ಕಾಲುವೆಗಳ ಊರಾದ ಆಮ್‌ಸ್ಟರ್‌ಡ್ಯಾಮಿನಲ್ಲಿ ಜನ ನೀರಿಗೆ ಬಿದ್ದು ಸಾಯುವುದು ಹೊಸದೇನಲ್ಲ. 1767ರಲ್ಲಿ ಅಲ್ಲಿನ ಕೆಲವರು ಮುಳುಗಿದವರನ್ನು ಬದುಕಿಸಲೆಂದೇ ಒಂದು ಸಂಘ ಕಟ್ಟಿದರು. ಅವರು ಹೇಳಿಕೊಟ್ಟ ಉಪಾಯಗಳಲ್ಲಿ ಮೈ ಬೆಚ್ಚಗಿಡುವುದಿತ್ತು, ಬಾಯಿಗೆ ಬಾಯಿಟ್ಟು ಊದುವುದಿತ್ತು. ಗುದದ್ವಾರದಿಂದ ತಂಬಾಕಿನ ಹೊಗೆ ಹಾಯಿಸುವುದೂ ಇತ್ತು! ನಗಬೇಕಿಲ್ಲ, ತಂಬಾಕು ಮೈಯನ್ನು ಕೆರಳಿಸಿ ಎಬ್ಬಿಸುತ್ತದೆಂದು ವೈದ್ಯರೇ ನಂಬಿದ್ದ ಕಾಲವದು. 1774ರಲ್ಲಿ ಲಂಡನ್ನಿನಲ್ಲೂ ಅಂಥದೇ ಸಂಘ ಹುಟ್ಟಿತು. ಅದರ ಸ್ಥಾಪಕರಲ್ಲೊಬ್ಬನಾದ ವಿಲಿಯಂ ಹಾಸ್, ಥೇಮ್ಸ್ ನದಿಯಿಂದ ಮುಳುಗಿದವರನ್ನು ಬೇಗ ಎತ್ತಿ ತಂದವರಿಗೆ ಅದಕ್ಕೂ ಮೊದಲೇ ಸ್ವಂತ ಜೇಬಿನಿಂದ ಇನಾಮು ಕೊಡುತ್ತಿದ್ದ.

ತಂಬಾಕಿನ ಸಾರ ಪ್ರಾಣಿಗಳ ಹೃದಯವನ್ನೇ ನಿಲ್ಲಿಸುತ್ತದೆಂದು 1811ರಲ್ಲಿ ಬೆಂಜಮಿನ್ ಬ್ರೋಡಿ ತೋರಿಸಿದ ಮೇಲೆ ಹೊಗೆಯ ಮೇಲಿನ ನಂಬಿಕೆ ಅಲುಗಾಡಿತು. ಹೊಗೆ ಹೋದದ್ದು ಸರಿ, ಊದುವುದೂ ಮೂಲೆ ಸೇರಿದ್ದು ದುರದೃಷ್ಟ. ಒಬ್ಬರು ಬಿಟ್ಟ ಉಸಿರು ಇನ್ನೊಬ್ಬರಿಗೆ ಕೆಟ್ಟ ಗಾಳಿ ಎಂಬ ಎಣಿಕೆ ಬಲವಾಗಿತ್ತು. ಬದಲಿಗೆ ಕೈ ಎತ್ತಿಳಿಸುವ, ಬೆನ್ನು ಒತ್ತುವ ಕಸರತ್ತುಗಳು ಬಂದವು. ಬೋರಲು ಮಲಗಿಸಿ ಒತ್ತುವ 1903ರ ಶೇಫರ್ ವಿಧಾನವನ್ನು ದಶಕಗಳ ಕಾಲ ಕಲಿಸಲಾಯಿತು.

1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರಿನ ಡಾ. ಪೀಟರ್ ಸಫಾರ್, ಔಷಧದಿಂದ ಉಸಿರು ನಿಲ್ಲಿಸಿಕೊಳ್ಳಲು ಒಪ್ಪಿದ ಸ್ವಯಂಸೇವಕರ ಮೇಲೆ ಇವನ್ನೆಲ್ಲ ಪರೀಕ್ಷಿಸಿದರು. ಪ್ರಜ್ಞೆ ತಪ್ಪಿದವರ ಗಂಟಲು ಮುಚ್ಚಿಕೊಂಡಿರುತ್ತದೆ. ಬೆನ್ನು ಎಷ್ಟು ಒತ್ತಿದರೂ ಸಾಕಷ್ಟು ಗಾಳಿ ಒಳಹೋಗದು. ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ ಊದಿದಾಗ ಎದೆ ಏರಿತು. 1960ರಲ್ಲಿ ಎದೆ ಒತ್ತುವ ಕ್ರಮವೂ ಜೊತೆಗೂಡಿತು.

ಮುಳುಗಿದವರ ಹೃದಯ ನಿಲ್ಲುವುದು ಆಮ್ಲಜನಕವಿಲ್ಲದೆ. ಆದ್ದರಿಂದಲೇ ಯುರೋಪಿನ ಲೈಫ್‌ಗಾರ್ಡ್‌ಗಳು ಇಂದು ಮೊದಲು ಐದು ಸಲ ಊದಿ, ಆಮೇಲೆ ಎದೆಗೆ ಕೈ ಹಾಕುತ್ತಾರೆ. ನಮ್ಮ ಕೆರೆ, ಹೊಳೆಗಳ ದಡದಲ್ಲಿ ಈಗಲೂ ಮೊದಲು ಹೊಟ್ಟೆ ಒತ್ತಿ ನೀರು ಕಕ್ಕಿಸಲು ಹೊರಡುವವರಿದ್ದಾರೆ. ಕಕ್ಕಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ, ಊದಬೇಕಾದ ನಿಮಿಷಗಳೂ ಕಳೆಯುತ್ತವೆ.