ಅರಗಿನ ಪೊರೆ ಮತ್ತು ಲೋಹದ ಆಕ್ಸೈಡು: ಮೈಸೂರಿನ ಬಣ್ಣದ ಕಾರ್ಖಾನೆಯ ಚರಿತ್ರೆಗೊಂದು ಟಿಪ್ಪಣಿ

ಮೈಸೂರಿನ ಬಣ್ಣದ ಕಾರ್ಖಾನೆಯ ಪ್ರಸ್ತಾಪ ಬಂದಾಗಲೆಲ್ಲ ಚುನಾವಣೆಯ ಅಳಿಸಲಾಗದ ಶಾಯಿಯ ಮಾತೇ ಮೊದಲು ಬರುತ್ತದೆ. 1962ರ ಮಹಾಚುನಾವಣೆಯಿಂದ ಮೊದಲುಗೊಂಡ ಆ ಕೀರ್ತಿ ನ್ಯಾಯವಾದುದೇ. ಆದರೆ 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಅದು ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಎಂಬ ಹೆಸರಿನಿಂದ ಹುಟ್ಟಿದ್ದು ಅರಗಿನ ಉದ್ಯಮವಾಗಿ. 1989ರಲ್ಲಿ ‘ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್’ ಎಂದಾದಾಗ ಅರಗು ಹೆಸರಿನಿಂದಲೇ ಬಿದ್ದುಹೋಯಿತು. ಅದರೊಡನೆ ಚರಿತ್ರಕಾರರಾದ ನಾವು ಕೈಬಿಟ್ಟ ಒಂದು ವಿಷಯವನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಅರಗು ಕೀಟವು ಸ್ರವಿಸುವ ರಾಳ. ರಸಾಯನಶಾಸ್ತ್ರದ ಪರಿಭಾಷೆಯಲ್ಲಿ ಪಾಲಿಯೆಸ್ಟರ್ ಜಾತಿಯ ನೈಸರ್ಗಿಕ ಪಾಲಿಮರ್. ಮದ್ಯಸಾರದಲ್ಲಿ ಕರಗಿಸಿ ಬಳಿದರೆ ತೆಳುವಾದ ಪೊರೆಯಾಗುತ್ತದೆ. ಅದರಲ್ಲಿ ಆಮ್ಲಗುಂಪುಗಳಿರುವುದರಿಂದ, ನೀರು ತಾಕಿದಾಗ ಪೊರೆಯ ಮೇಲ್ಮೈ ಋಣ ವಿದ್ಯುದಾವೇಶವನ್ನು ಪಡೆಯುತ್ತದೆ. ಬಣ್ಣಕ್ಕಾಗಿ ಬೆರೆಸುವ ಲೋಹದ ಆಕ್ಸೈಡುಗಳ ಸ್ವಭಾವವಾದರೋ ಬೇರೆ. ಪ್ರತಿಯೊಂದಕ್ಕೂ ಆವೇಶವು ಶೂನ್ಯವಾಗುವ ಒಂದು ಪಿಎಚ್ ಉಂಟು: ಸತುವಿನ ಆಕ್ಸೈಡಿಗೆ ಸುಮಾರು 9, ಟೈಟಾನಿಯಂ ಡಯಾಕ್ಸೈಡಿಗೆ ಸುಮಾರು 6. ಅದಕ್ಕಿಂತ ಕೆಳಗೆ ಕಣವು ಧನ, ಮೇಲೆ ಋಣ. ಆದಕಾರಣ ಪಿಎಚ್ 7ರ ನೀರಿನಲ್ಲಿ ಮೊದಲನೆಯದು ಧನವಾಗಿಯೂ ಎರಡನೆಯದು ತುಸು ಋಣವಾಗಿಯೂ ಇರುತ್ತದೆ. ಯಾವ ಆಕ್ಸೈಡನ್ನು ಎಷ್ಟು ಬೆರೆಸಿದೆ, ಅದರಲ್ಲಿ ಎಷ್ಟು ಮೇಲ್ಮೈಗೆ ಬಂದಿದೆ ಎಂಬುದನ್ನು ಅನುಸರಿಸಿ ಪೊರೆಯ ಆವೇಶವನ್ನು ಹೆಚ್ಚುಕಡಮೆ ಮಾಡಬಹುದು. ಬ್ಯಾಕ್ಟೀರಿಯಾಗಳ ಹೊರಮೈ ಸಾಮಾನ್ಯವಾಗಿ ಋಣವಾಗಿರುವುದರಿಂದ, ಅವು ಪೊರೆಗೆ ಅಂಟುವುದೂ ಬಿಡುವುದೂ ಒಂದು ಮಟ್ಟಿಗೆ ಇದನ್ನು ಅವಲಂಬಿಸಿದೆ.

ಮೇಲ್ಮೈಯ ಆವೇಶವನ್ನು ಕುರಿತ ಹೆಲ್ಮ್‌ಹೋಲ್ಟ್ಸನ ಸಿದ್ಧಾಂತ 1879ರದು. ಸ್ಮೊಲುಕೋವ್‌ಸ್ಕಿಯ ಸಮೀಕರಣ 1903ರದು. ಎರಡೂ ಕಾರ್ಖಾನೆಗಿಂತ ಹಳೆಯವು. ಆದರೆ ಬಣ್ಣ ಅರೆಯುವವರಿಗೆ ಈ ಸಂಗತಿ ಪರಿಚಿತವಾದದ್ದು ಬೇರೆ ದಾರಿಯಿಂದ. ಆಮ್ಲಗುಣ ಹೆಚ್ಚಾದ ರಾಳಕ್ಕೆ ಸತುವಿನ ಆಕ್ಸೈಡು ಬಿದ್ದರೆ ಬಣ್ಣವು ಡಬ್ಬಿಯಲ್ಲಿಯೇ ಗಟ್ಟಿಯಾಗುವುದು. ಕಣಗಳು ಒಂದನ್ನೊಂದು ದೂರವಿಡದಿದ್ದರೆ ಗಂಟುಗಟ್ಟಿ ತಳಕ್ಕಿಳಿಯುವುದು. ಆಕ್ಸೈಡು ಬರಿಯ ಬಣ್ಣವಲ್ಲ, ರಾಳದೊಡನೆ ವ್ಯವಹರಿಸುವ ವಸ್ತು ಎಂಬುದನ್ನು ಈ ವೃತ್ತಿ ಕಣ್ಣಿನಿಂದಲೂ ಕೈಯಿಂದಲೂ ಕಲಿಯಿತು.

ಉದ್ಯಮದ ಚರಿತ್ರೆಯನ್ನು ಬರೆಯುವಾಗ ನಾವು ಸ್ಥಾಪಕರನ್ನೂ ಇಸವಿಗಳನ್ನೂ ದಾಖಲಿಸಿ ತೃಪ್ತರಾಗುತ್ತೇವೆ. ಕೊಂಡ ಸರಕಿನ ಲೆಕ್ಕ ದಫ್ತರದಲ್ಲಿ ಉಳಿಯುತ್ತದೆ. ಬೆರೆಸುವ ಹದ ಮಾತ್ರ ಅದನ್ನು ಬಲ್ಲವರೊಡನೆ ಹೊರಟುಹೋಗುತ್ತದೆ. ಇತಿಹಾಸದ ಮತ್ತು ರಸಾಯನಶಾಸ್ತ್ರದ ಅಧ್ಯಾಪಕರು ಕೂಡಿ, ನಿವೃತ್ತ ಕೆಲಸಗಾರರ ಬಾಯಿಂದ ಆ ಹದವನ್ನು ಕೇಳಿ ಬರೆದಿಡುವುದು ತಡಮಾಡಬಾರದ ಕಾರ್ಯವೆಂದು ನಾವು ಭಾವಿಸುತ್ತೇವೆ.