ನಾಳೆ ಹೇಗೋ ಏನೋ: ಆಟೋಇಮ್ಯೂನ್ ಕಾಯಿಲೆ ಮತ್ತು ಮನಸ್ಸಿನ ಅಧ್ಯಯನ

ಕೀಲುಗಳಲ್ಲಿ ಉರಿಯೂತ ತರುವ ರುಮಟಾಯ್ಡ್ ಆರ್ಥ್ರೈಟಿಸ್, ಲೂಪಸ್‌ನಂಥ ಆಟೋಇಮ್ಯೂನ್ ಕಾಯಿಲೆಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುತ್ತದೆ. ಕೆಲವು ತಿಂಗಳು ತಣ್ಣಗಿದ್ದು ಮತ್ತೆ ಕೆರಳುವುದು ಇವುಗಳ ಸ್ವಭಾವ. ಯಾವಾಗ ಕೆರಳೀತು ಎಂಬುದು ರೋಗಿಗೂ ಗೊತ್ತಿರುವುದಿಲ್ಲ, ವೈದ್ಯರಿಗೂ ಗೊತ್ತಿರುವುದಿಲ್ಲ. ಈ ಅನಿಶ್ಚಿತತೆ ಮನಸ್ಸನ್ನು ಏನು ಮಾಡುತ್ತದೆ ಎಂದು ಸಂಶೋಧಕರು ಕೇಳತೊಡಗಿದ್ದು ತಡವಾಗಿ. ಮೊದಲು ಅವರು ಕೇಳಿದ್ದು ಇದಕ್ಕೆ ತದ್ವಿರುದ್ಧವಾದ ಪ್ರಶ್ನೆ: ಎಂಥ ಮನಸ್ಸಿನವರಿಗೆ ಈ ಕಾಯಿಲೆ ಬರುತ್ತದೆ?

ಷಿಕಾಗೊದ ಮನೋವಿಶ್ಲೇಷಕ ಫ್ರಾನ್ಜ್ ಅಲೆಕ್ಸಾಂಡರ್ 1950ರಲ್ಲಿ ‘ಸೈಕೋಸೊಮ್ಯಾಟಿಕ್ ಮೆಡಿಸಿನ್’ ಪುಸ್ತಕ ಪ್ರಕಟಿಸಿದರು. ಭಾವನೆಗಳ ತಿಕ್ಕಾಟದಲ್ಲಿ ಅವರು ಮೂಲ ಹುಡುಕಿದ ಕಾಯಿಲೆಗಳಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಕೂಡ ಒಂದು. ಅದುಮಿಟ್ಟ ಸಿಟ್ಟು ಕೀಲುಗಳಿಗೆ ಇಳಿಯುತ್ತದೆ ಎಂಬ ಧಾಟಿಯ ವಾದ ಅದು. 1964ರಲ್ಲಿ ಜಾರ್ಜ್ ಸಾಲೊಮನ್ ಮತ್ತು ರುಡಾಲ್ಫ್ ಮೂಸ್ ಭಾವನೆಗೂ ರೋಗನಿರೋಧಕ ಶಕ್ತಿಗೂ ಇರುವ ನಂಟಿನ ಬಗ್ಗೆ ಬರೆದು ಚರ್ಚೆಯನ್ನು ಜೀವಶಾಸ್ತ್ರದತ್ತ ತಿರುಗಿಸಿದರು.

ದೊಡ್ಡ ತಿರುವು ಬಂದದ್ದು 1975ರಲ್ಲಿ, ಸಮಾಜಶಾಸ್ತ್ರದ ಕಡೆಯಿಂದ. ಕ್ಯಾರೊಲಿನ್ ವೀನರ್ ಅಮೆರಿಕದಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ರೋಗಿಗಳ ದಿನಚರಿಯನ್ನೇ ಹಿಡಿದು ನೋಡಿದರು. ಬೆಳಿಗ್ಗೆ ಏಳುವಾಗ ಇಂದು ಬೆರಳು ಮಡಚಲು ಬಂದೀತೇ, ಎಷ್ಟು ಕೆಲಸ ಮಾಡಬಹುದು ಎಂಬುದೇ ಅವರಿಗೆ ಅಂದಾಜಾಗುತ್ತಿರಲಿಲ್ಲ. ಹಾಗಿದ್ದೂ ಎಲ್ಲರಂತೆ ಕಾಣಲು ನೋವನ್ನು ಮುಚ್ಚಿಡುತ್ತಿದ್ದರು, ಉಳಿದವರ ಸಮಕ್ಕೆ ಓಡಾಡುತ್ತಿದ್ದರು. ಇದರಿಂದ ಇನ್ನೊಂದು ಪೇಚು: ನಿಜಕ್ಕೂ ಕೈಲಾಗದ ದಿನ ಹಾಗೆಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ನಿನ್ನೆ ಚೆನ್ನಾಗೇ ಇದ್ದರಲ್ಲ! ಇಂಗ್ಲೆಂಡಿನ ಮೈಕಲ್ ಬರಿ 1982ರಲ್ಲಿ ಇದೇ ಕಾಯಿಲೆಯ 30 ಜನರನ್ನು ಮಾತಾಡಿಸಿ, ದೀರ್ಘ ಕಾಯಿಲೆಯು ಬದುಕಿನ ಕಥೆಯನ್ನೇ ನಡುವೆ ತುಂಡರಿಸುತ್ತದೆ ಎಂದು ವಾದಿಸಿದರು.

ಅನಿಶ್ಚಿತತೆಯನ್ನು ಅಳೆಯಲು ಹೊರಟವರು ಅಮೆರಿಕದ ನರ್ಸಿಂಗ್ ವಿದ್ವಾಂಸೆ ಮರ್ಲ್ ಮಿಶೆಲ್. 1981ರಲ್ಲಿ ಅದಕ್ಕೊಂದು ಪ್ರಶ್ನಾವಳಿ ರೂಪಿಸಿದರು, 1988ರಲ್ಲಿ ಸಿದ್ಧಾಂತ ಮಂಡಿಸಿದರು. ಅವರ ಪ್ರಕಾರ ಅನಿಶ್ಚಿತತೆ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ವ್ಯಕ್ತಿ ಅದನ್ನು ಅಪಾಯವೆಂದೋ ಅವಕಾಶವೆಂದೋ ಬಗೆಯುತ್ತಾನೆ. ಆದರೆ ಮುಗಿಯದ ಕಾಯಿಲೆಗೆ ಈ ಚೌಕಟ್ಟು ಸಾಲದೆಂದು ಕಂಡು, 1990ರಲ್ಲಿ ಅವರೇ ಅದನ್ನು ತಿದ್ದಿದರು. ವರ್ಷಗಟ್ಟಲೆ ಅನಿಶ್ಚಿತತೆಯೊಂದಿಗೆ ಬಾಳಿದವರಲ್ಲಿ ಕೆಲವರು ಬದುಕನ್ನು ನೋಡುವ ಬಗೆಯನ್ನೇ ಬದಲಿಸಿಕೊಳ್ಳುತ್ತಾರೆ ಎಂಬುದು ಹೊಸ ಸೇರ್ಪಡೆ.

ಮುಂದಿನ ತೊಡಕು ಲೆಕ್ಕದ್ದು. ದಣಿವು, ನಿದ್ದೆಗೇಡು ಖಿನ್ನತೆಯ ಲಕ್ಷಣಗಳೂ ಹೌದು, ಉರಿಯೂತದ ಲಕ್ಷಣಗಳೂ ಹೌದು. 2013ರಲ್ಲಿ ಫೇಯ್ತ್ ಮ್ಯಾಚಮ್ ಮತ್ತು ಸಂಗಡಿಗರು 72 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಮನೋವೈದ್ಯಕೀಯ ಮಾನದಂಡದಂತೆ ರುಮಟಾಯ್ಡ್ ರೋಗಿಗಳಲ್ಲಿ ಶೇ. 16.8ರಷ್ಟು ಮಂದಿಗೆ ಖಿನ್ನತೆಯ ಕಾಯಿಲೆ ಇತ್ತು. ರೋಗಿಗಳೇ ತುಂಬುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಖಿನ್ನತೆಯ ಪ್ರಮಾಣ ಶೇ. 38.8ಕ್ಕೆ ಏರಿತು. ಇದರ ಜೊತೆಗೆ ಈ ಕಾಯಿಲೆಗಳಿಗೆ ಕೊಡುವ ಸ್ಟೀರಾಯ್ಡ್ ಮಾತ್ರೆಗಳೂ ಮನಸ್ಥಿತಿಯನ್ನು ಏರುಪೇರು ಮಾಡಬಲ್ಲವು. ಲೂಪಸ್ ನೇರವಾಗಿ ಮಿದುಳನ್ನೇ ತಟ್ಟಬಲ್ಲದು. 1999ರಲ್ಲಿ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ ಪಟ್ಟಿ ಮಾಡಿದ ಅದರ 19 ನರ-ಮಾನಸಿಕ ತೊಂದರೆಗಳಲ್ಲಿ ಆತಂಕವೂ ಇದೆ, ಮನೋವಿಕಾರವೂ ಇದೆ. ಹೀಗಾಗಿ ಕಣ್ಣೆದುರು ಕೂತ ರೋಗಿಯ ಬೇಸರಕ್ಕೆ ಕಾಯಿಲೆ ಕಾರಣವೋ, ಮಾತ್ರೆಯೋ, ನಾಳಿನ ಭಯವೋ ಎಂದು ಬಿಡಿಸಿ ಹೇಳುವುದು ಕಷ್ಟ.

ಕಾಯಿಲೆಯ ಮೂಲವನ್ನು ಮನಸ್ಸಿನಲ್ಲಿ ಹುಡುಕುವ ಹಳೆಯ ಪ್ರಶ್ನೆ ಪುಸ್ತಕಗಳಿಂದ ಹೋದರೂ ಕ್ಲಿನಿಕ್ಕುಗಳಿಂದ ಹೋಗಿಲ್ಲ. ಕೇಂಬ್ರಿಡ್ಜ್‌ನ ಮೆಲನಿ ಸ್ಲೋನ್ ಮತ್ತಿತರರ ಇತ್ತೀಚಿನ ಅಧ್ಯಯನಗಳು ತೋರಿಸಿದ್ದು ಇದನ್ನೇ: ರೋಗ ಪತ್ತೆಯಾಗುವ ಮೊದಲು ‘ಇದೆಲ್ಲ ನಿಮ್ಮ ಮನಸ್ಸಿನದು’ ಎನ್ನಿಸಿಕೊಂಡವರಲ್ಲಿ ಆ ಮಾತಿನ ಗಾಯವೂ ವೈದ್ಯರ ಮೇಲಿನ ಅಪನಂಬಿಕೆಯೂ ವರ್ಷಗಳ ನಂತರವೂ ಉಳಿದಿದ್ದವು.

ಅನಿಶ್ಚಿತತೆ ರೋಗಿಯ ಸ್ವಭಾವದ ದೋಷವಲ್ಲ, ಕಾಯಿಲೆಯದೇ ಗುಣ. ಇಷ್ಟನ್ನು ಒಪ್ಪಲು ಈ ಕ್ಷೇತ್ರಕ್ಕೆ ದಶಕಗಳೇ ಬೇಕಾದವು. ಒಪ್ಪಿದ ಮೇಲೆ ಮಾಡಬೇಕಾದ ಕೆಲಸವೂ ನಿಚ್ಚಳ. ಅನಿಶ್ಚಿತತೆ ತಗ್ಗಿಸುವ ಆಸರೆಗಳಲ್ಲಿ ನಂಬಿಕಸ್ಥ ವೈದ್ಯಕೀಯ ಸಿಬ್ಬಂದಿಯನ್ನೂ ಮಿಶೆಲ್ ಸೇರಿಸಿದ್ದರು. ಕಾಯಿಲೆ ಯಾವಾಗ ಕೆರಳೀತೆಂದು ವೈದ್ಯರು ಹೇಳಲಾರರು, ನಿಜ. ಕೆರಳಿದರೆ ಯಾರಿಗೆ ಫೋನ್ ಮಾಡಬೇಕು, ಯಾವ ಲಕ್ಷಣಕ್ಕೆ ತಡಮಾಡದೆ ಬರಬೇಕು, ಯಾವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು ಎಂಬುದನ್ನಂತೂ ಇಂದೇ ಬರೆದುಕೊಡಬಹುದು.