ಕಾಣುವ ರೂಪ, ಕೇಳುವ ನುಡಿ: ಅಮರ ಚಿತ್ರಕಥೆ ಮತ್ತು ಧರ್ಮಬೋಧೆ

ಅಕ್ಷರವರಿಯದ ಜನಕ್ಕೂ ಧರ್ಮದ ತಿರುಳು ಮುಟ್ಟಬೇಕೆಂಬ ಹಂಬಲ ಎಲ್ಲ ಕಾಲದಲ್ಲಿಯೂ ಎಲ್ಲ ಮತಗಳಲ್ಲಿಯೂ ಇದ್ದುದೇ ಆಗಿದೆ. ಈ ಹಂಬಲವು ಒಂದು ಕಡೆ ಹಾಡಾಗಿ, ಇನ್ನೊಂದು ಕಡೆ ಚಿತ್ರವಾಗಿ ಹರಿದು ಬಂದಿದೆ. ಕ್ರಿ.ಶ. 1196ರಲ್ಲಿ ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ ಅಮೃತಾಪುರದ ಅಮೃತೇಶ್ವರ ದೇವಾಲಯದ ಗೋಡೆಯ ಮೇಲೆ ರಾಮಾಯಣದ ಕಥೆಯು 70 ಫಲಕಗಳಲ್ಲಿ, ಕೃಷ್ಣನ ಬಾಲಲೀಲೆಯು 25 ಫಲಕಗಳಲ್ಲಿ, ಮಹಾಭಾರತವು 45 ಫಲಕಗಳಲ್ಲಿ ಸಾಲಾಗಿ ಮೂಡಿವೆ. ಹಂಪೆಯ ಹಜಾರ ರಾಮ ದೇವಾಲಯದಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಒಂದು ಫಲಕದಿಂದ ಮತ್ತೊಂದಕ್ಕೆ ನಡೆಯುತ್ತ ಹೋದಂತೆ ಕಥೆಯೂ ಮುಂದೆ ನಡೆಯುತ್ತದೆ. ತೊಗಲುಬೊಂಬೆಯ ಆಟ, ಮಹಾರಾಷ್ಟ್ರದ ಚಿತ್ರಕಥಿಗಳ ಪಟ, ರಾಜಸ್ಥಾನದ ಫಡ್, ಬಂಗಾಳದ ಪಟುವರ ಸುರುಳಿಚಿತ್ರ ಇವೆಲ್ಲವೂ ಇದೇ ಬಳ್ಳಿಯ ಹೂಗಳು.

ಈ ಪರಂಪರೆಯಲ್ಲಿ ಒಂದು ಅಂಶವನ್ನು ಮುಖ್ಯವಾಗಿ ಗಮನಿಸಬೇಕು. ಚಿತ್ರದ ಪಕ್ಕದಲ್ಲಿ ಯಾವಾಗಲೂ ಒಬ್ಬ ಹೇಳುಗನಿರುತ್ತಿದ್ದನು. ಬೊಂಬೆಯಾಡಿಸುವವನು ಹಾಡುತ್ತಿದ್ದನು, ಪಟ ಬಿಡಿಸುವವನು ಅರ್ಥ ಹೇಳುತ್ತಿದ್ದನು, ಗುಡಿಯಲ್ಲಿ ಹಿರಿಯರು ಮಗುವಿಗೆ ಬೆರಳು ಮಾಡಿ ತೋರಿಸುತ್ತಿದ್ದರು. ಚಿತ್ರವು ಮೌನವಾಗಿತ್ತು, ನುಡಿಯು ಸಜೀವವಾಗಿತ್ತು. ಅಚ್ಚಿನ ಯಂತ್ರ ಬಂದ ಮೇಲೆ ಈ ಸಂಬಂಧವು ಮಾರ್ಪಟ್ಟಿತು. 1894ರಲ್ಲಿ ರಾಜಾ ರವಿವರ್ಮರು ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಹೊರಬಂದ ದೇವದೇವಿಯರ ಬಣ್ಣದ ಚಿತ್ರಗಳು ಮನೆಮನೆಯ ಗೋಡೆಯನ್ನು ಸೇರಿದವು. ಸರಸ್ವತಿ ಎಂದೊಡನೆ, ಲಕ್ಷ್ಮಿ ಎಂದೊಡನೆ ಜನರ ಕಣ್ಣಿಗೆ ಕಟ್ಟುವ ರೂಪಕ್ಕೆ ಈ ಅಚ್ಚಿನ ಚಿತ್ರಗಳ ಕೊಡುಗೆ ದೊಡ್ಡದು. ಚಿತ್ರ ಮತ್ತು ನುಡಿಗಳೆರಡನ್ನೂ ಒಂದೇ ಹಾಳೆಯಲ್ಲಿ ಅಚ್ಚು ಮಾಡಿ, ಹೇಳುಗನಿಲ್ಲದೆಯೇ ಮಗುವಿನ ಕೈಗೆ ಕೊಡುವ ಸಾಧನವೇ ಕಾಮಿಕ್ ಪುಸ್ತಕ. ಅಮೆರಿಕದಲ್ಲಿ ಎಂ. ಸಿ. ಗೇನ್ಸ್ ಎಂಬ ಪ್ರಕಾಶಕರು 1942ರಲ್ಲಿಯೇ ಬೈಬಲ್ಲಿನ ಕಥೆಗಳನ್ನು ಈ ರೂಪದಲ್ಲಿ ಹೊರತಂದರು. ಭಾರತದಲ್ಲಿ ಈ ಕಾರ್ಯವನ್ನು ಬಹು ವಿಸ್ತಾರವಾಗಿ ನಡೆಸಿದುದು ಅಮರ ಚಿತ್ರಕಥೆ.

ಕನ್ನಡದಲ್ಲಿ ಮೊಳೆತ ಬೀಜ

ಅಮರ ಚಿತ್ರಕಥೆಯ ಆರಂಭವು ಕನ್ನಡದಲ್ಲಿ ಆಯಿತೆಂಬುದು ಅನೇಕರಿಗೆ ತಿಳಿಯದ ಸಂಗತಿ. 1965ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ವ್ಯವಹಾರದಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಉತ್ಸಾಹದಿಂದ ಮಕ್ಕಳ ಚಿತ್ರಕಥೆಗಳು ಕನ್ನಡದಲ್ಲಿ ಬೆಳಕು ಕಂಡವು. ಪ್ರಕಾಶನದ ಹೊಣೆ ಇಂಡಿಯಾ ಬುಕ್ ಹೌಸ್ ಸಂಸ್ಥೆಯದು. ಆ ಮೊದಲ ಹತ್ತು ಸಂಚಿಕೆಗಳಲ್ಲಿ ರಾಮನೂ ಇರಲಿಲ್ಲ, ಕೃಷ್ಣನೂ ಇರಲಿಲ್ಲ. ಸಿಂಡ್ರೆಲಾ, ಪಿನೋಕಿಯೋ ಮುಂತಾದ ಪಾಶ್ಚಾತ್ಯ ಕಥೆಗಳ ಕನ್ನಡ ರೂಪಗಳೇ ಅವು. ಆದಕಾರಣವೇ ಈ ಮಾಲೆಯ ಮೊದಲ ಭಾರತೀಯ ಕಥೆಯಾದ 'ಕೃಷ್ಣ'ನಿಗೆ ದೊರೆತ ಕ್ರಮಸಂಖ್ಯೆ 1 ಅಲ್ಲ, 11.

ಈ ಮಾಲೆಗೆ ಭಾರತೀಯ ಸ್ವರೂಪವನ್ನು ಕೊಟ್ಟವರು ಅನಂತ ಪೈ. 1929ರ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ ಜನಿಸಿದ ಅವರು ಎರಡು ವರ್ಷದ ಎಳೆತನದಲ್ಲಿಯೇ ತಂದೆ ತಾಯಿಗಳಿಬ್ಬರನ್ನೂ ಕಳೆದುಕೊಂಡರು. ಹನ್ನೆರಡನೆಯ ವಯಸ್ಸಿಗೆ ಮುಂಬಯಿಯನ್ನು ಸೇರಿ, ಅಲ್ಲಿ ರಸಾಯನ ತಂತ್ರಜ್ಞಾನವನ್ನು ಓದಿದರೂ ಅವರ ಒಲವು ಪುಸ್ತಕದ ಕಡೆಗಿತ್ತು. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗವು ಇಂದ್ರಜಾಲ ಕಾಮಿಕ್ಸನ್ನು ಆರಂಭಿಸಿದಾಗ ಅವರು ಆ ಬಳಗದಲ್ಲಿದ್ದರು. 1967ರ ಫೆಬ್ರವರಿಯಲ್ಲಿ ದೆಹಲಿಯ ಅಂಗಡಿಯೊಂದರ ದೂರದರ್ಶನದಲ್ಲಿ ಅವರು ವಿದ್ಯಾರ್ಥಿಗಳ ರಸಪ್ರಶ್ನೆ ಸ್ಪರ್ಧೆಯೊಂದನ್ನು ಕಂಡರು. ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರ ಹೇಳಬಲ್ಲ ಮಕ್ಕಳಿಗೆ ಶ್ರೀರಾಮನ ತಾಯಿಯ ಹೆಸರು ತಿಳಿದಿರಲಿಲ್ಲ. ಈ ಘಟನೆಯೇ ತಮ್ಮ ಸಂಕಲ್ಪಕ್ಕೆ ಕಾರಣವೆಂದು ಅವರು ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. ಇಂಡಿಯಾ ಬುಕ್ ಹೌಸಿನ ಮೀರ್‌ಚಂದಾನಿಯವರು ಆಶ್ರಯವಿತ್ತರು. ರಾಮ್ ವಾಈರ್‌ಕರ್ ಅವರ ಕುಂಚದಿಂದ 'ಕೃಷ್ಣ' ಮೂಡಿ ಬಂದನು. ಆರಂಭದಲ್ಲಿ ಮಾರಾಟವು ಮಂದವಾಗಿದ್ದರೂ ಶಾಲೆಗಳು ಒಪ್ಪಿಕೊಂಡಂತೆ ಮಾಲೆಯು ಬೆಳೆಯಿತು. ಮುಂದೆ ಅದು 400ಕ್ಕೂ ಹೆಚ್ಚು ಕಥೆಗಳನ್ನು ಕಂಡಿತು, ಹಲವು ಭಾರತೀಯ ಭಾಷೆಗಳಿಗೆ ಹೋಯಿತು. 1985ರಿಂದ 1989ರ ವರೆಗೆ ಮಹಾಭಾರತವೊಂದೇ 42 ಸಂಚಿಕೆಗಳಲ್ಲಿ ಪ್ರಕಟವಾಯಿತು. ಮಕ್ಕಳು ಪೈ ಅವರನ್ನು 'ಅಂಕಲ್ ಪೈ' ಎಂದೇ ಕರೆದರು. 2011ರ ಫೆಬ್ರವರಿ 24ರಂದು ಅವರು ತೀರಿಕೊಂಡರು.

ಪವಾಡದ ಪ್ರಶ್ನೆ

ಒಂದು ಸಂಚಿಕೆಗೆ ಸಾಮಾನ್ಯವಾಗಿ 32 ಪುಟಗಳು. ಪುಟಕ್ಕೆ ನಾಲ್ಕಾರು ಚಿತ್ರಚೌಕಗಳು. ಚೌಕವೊಂದರಲ್ಲಿ ಹಿಡಿಸುವ ಮಾತು ಕೆಲವೇ ಪದಗಳು. ಒಬ್ಬ ಮಹಾತ್ಮನ ಇಡೀ ಬಾಳು ಈ ಅಳತೆಗೆ ಇಳಿಯಬೇಕು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಣಯದಲ್ಲಿಯೇ ಧರ್ಮದ ವ್ಯಾಖ್ಯಾನವೂ ಅಡಗಿದೆ. ಚಿತ್ರಕ್ಕೆ ಬೇಕಾದುದು ಕ್ರಿಯೆ. ಬಿಲ್ಲು ಮುರಿಯುವುದನ್ನು ಬರೆಯಬಹುದು, ಬೆಟ್ಟ ಎತ್ತುವುದನ್ನು ಬರೆಯಬಹುದು. ಮನಸ್ಸು ಮಾಗುವುದನ್ನು ಬರೆಯುವುದು ಕಷ್ಟ.

ಅನಂತ ಪೈ ಅವರಿಗೆ ಈ ತೊಡಕಿನ ಅರಿವಿತ್ತು. ವಿಜ್ಞಾನವನ್ನೋದಿದ ಅವರು ಮೊದಲು 'ಕೃಷ್ಣ'ನನ್ನು ರೂಪಿಸುವಾಗ ಪವಾಡಗಳನ್ನು ಮಿತವಾಗಿ ಇಡಲು ಬಯಸಿದ್ದರು. ಆದರೆ ಓದುಗರ ಮನದಲ್ಲಿದ್ದ ಕೃಷ್ಣನು ಕಿರುಬೆರಳಿನಲ್ಲಿ ಗೋವರ್ಧನವನ್ನು ಎತ್ತಿದವನು. ಮುಂದಿನ ಆವೃತ್ತಿಯಲ್ಲಿ ಆ ದೃಶ್ಯಕ್ಕೆ ತಕ್ಕ ಎಡೆ ದೊರೆಯಿತು. ವಿಚಾರವು ಭಕ್ತಿಗೆ ಸೋತಿತೆಂದು ಇದನ್ನು ಸರಳವಾಗಿ ಹೇಳಿ ಮುಗಿಸಲಾಗದು. ಕಥೆಯು ಕೇವಲ ಬರೆದವನ ಸೊತ್ತಲ್ಲ, ಅದನ್ನು ತಲೆತಲಾಂತರದಿಂದ ಕಾಪಾಡಿದ ಜನರ ಸೊತ್ತೂ ಹೌದು ಎಂಬ ಸತ್ಯವೂ ಇದರಲ್ಲಿದೆ.

ಇದೇ ಸತ್ಯದ ಇನ್ನೊಂದು ಮುಖ 'ವಾಲ್ಮೀಕಿ' ಸಂಚಿಕೆಯಲ್ಲಿ ಕಾಣಿಸಿತು. ಆದಿಕವಿಯು ಪೂರ್ವಾಶ್ರಮದಲ್ಲಿ ದಾರಿಗಳ್ಳನಾಗಿದ್ದನೆಂಬ ಪ್ರಚಲಿತ ಕಥೆಯನ್ನು ಅದು ಚಿತ್ರಿಸಿತ್ತು. ವಾಲ್ಮೀಕಿಯನ್ನು ಗುರುವೆಂದೂ ದೈವವೆಂದೂ ಪೂಜಿಸುವ ಪಂಜಾಬಿನ ವಾಲ್ಮೀಕಿ ಸಮುದಾಯಕ್ಕೆ ಇದು ನೋವು ತಂದಿತು, ಪ್ರತಿಭಟನೆಗಳು ನಡೆದವು. ಶತಮಾನಗಳಿಂದ ಊರ ಹೊರಗೆ ಇರಿಸಲ್ಪಟ್ಟ ಜನಕ್ಕೆ ತಮ್ಮ ಗುರುವನ್ನು ಕಳ್ಳನ ರೂಪದಲ್ಲಿ ಅಚ್ಚು ಮಾಡಿ ಮಕ್ಕಳ ಕೈಗೆ ಕೊಟ್ಟುದು ಹೇಗೆ ಕಂಡಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಮಾತಿನಲ್ಲಿ ತೇಲಿಹೋಗುವ ಕಥೆಯು ಚಿತ್ರದಲ್ಲಿ ಮುಖ ಪಡೆದು ನಿಲ್ಲುತ್ತದೆ. ಅಸುರರಿಗೆ ಕಪ್ಪು ಮೈ, ಸಜ್ಜನರಿಗೆ ಬಿಳಿ ಮೈ ಎಂಬ ಬಣ್ಣದ ರೂಢಿಯನ್ನೂ ವಿದ್ವಾಂಸರು ಇದೇ ಕಾರಣಕ್ಕಾಗಿ ಆಕ್ಷೇಪಿಸಿದ್ದಾರೆ. ಬಣ್ಣದ ಪಾಠವನ್ನು ಮಗುವು ಯಾರೂ ಹೇಳಿಕೊಡದೆಯೇ ಕಲಿತುಬಿಡುತ್ತದೆ.

ಅಮರ ಚಿತ್ರಕಥೆಯು ಬುದ್ಧ, ಮಹಾವೀರ, ಗುರುನಾನಕ್, ಕಬೀರ, ಮೀರಾಬಾಯಿ, ಯೇಸುಕ್ರಿಸ್ತ ಇವರೆಲ್ಲರನ್ನೂ ಒಳಗೊಂಡಿತು. ಪ್ರವಾದಿ ಮಹಮ್ಮದರ ಕುರಿತ ಸಂಚಿಕೆ ಮಾತ್ರ ಅದರಲ್ಲಿಲ್ಲ. ಪ್ರವಾದಿಯವರನ್ನು ಚಿತ್ರಿಸುವುದನ್ನು ಮುಸ್ಲಿಮರಲ್ಲಿ ಬಹುಪಾಲು ಜನ ಒಪ್ಪುವುದಿಲ್ಲ. ಎಲ್ಲ ಶ್ರದ್ಧೆಯೂ ಚಿತ್ರಕ್ಕೆ ಒಂದೇ ಬಗೆಯಾಗಿ ಒಗ್ಗುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

ಶರಣರ ಚರಿತ್ರೆ ಮತ್ತು ಚಿತ್ರದ ಚೌಕ

ಬಸವೇಶ್ವರರ ಚರಿತ್ರೆಯೂ ಈ ಮಾಲೆಯಲ್ಲಿ ಒಂದು ಸಂಚಿಕೆಯಾಗಿ ಬಂದಿತು. ಕರ್ನಾಟಕದ ಹೊರಗಿನ ಮಕ್ಕಳಿಗೆ ಬಸವಣ್ಣನವರ ಹೆಸರನ್ನು ಮುಟ್ಟಿಸಿದ ಉಪಕಾರ ಅದಕ್ಕೆ ಸಲ್ಲಬೇಕು. ಆದರೆ ಇಲ್ಲಿ ಚಿತ್ರಕಾರನ ಮುಂದಿರುವ ಕಷ್ಟವು ಇತರ ಕಥೆಗಳಿಗಿಂತ ಹಿರಿದು. ಹನ್ನೆರಡನೆಯ ಶತಮಾನದ ಬಸವಣ್ಣನವರ ಸಮಕಾಲೀನ ಚಿತ್ರವೆಂದು ಹೇಳಬಹುದಾದುದು ಯಾವುದೂ ನಮಗೆ ಉಳಿದುಬಂದಿಲ್ಲ. 1260ರ ಅರ್ಜುನವಾಡ ಶಾಸನದಲ್ಲಿ ಅವರ ಹೆಸರಿದೆ, ರೂಪವಿಲ್ಲ. ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, 1369ರಲ್ಲಿ ಭೀಮಕವಿ ಬರೆದ ಕನ್ನಡ ಬಸವಪುರಾಣ ಇವುಗಳಲ್ಲಿ ಚರಿತ್ರೆಯ ಜೊತೆಗೆ ಪವಾಡವೂ ಹೆಣೆದುಕೊಂಡಿದೆ. ಪುರಾಣದ ಪವಾಡವು ಚಿತ್ರಕ್ಕೆ ಸುಲಭದ ತುತ್ತು. ಬಿಜ್ಜಳನ ಆಸ್ಥಾನ, ಭಂಡಾರದ ಪರೀಕ್ಷೆ, ಕಲ್ಯಾಣದ ಕ್ಷೋಭೆ ಇವೂ ಚೌಕದಲ್ಲಿ ಸೊಗಸಾಗಿ ಕೂಡುತ್ತವೆ. ವಚನವನ್ನು ಎಲ್ಲಿ ಕೂಡಿಸುವುದು?

ಮೇಲ್ನೋಟಕ್ಕೆ ವಚನವು ಚಿತ್ರಕಥೆಗೆ ಬಹಳ ಅನುಕೂಲವೆಂದು ತೋರುತ್ತದೆ. ಅದು ಕಿರಿದು, ಆಡುನುಡಿಗೆ ಹತ್ತಿರ, ಪಾತ್ರದ ಬಾಯಿಂದ ಹೊರಡುವ ಮಾತಿನ ಗುಳ್ಳೆಯಲ್ಲಿ ಹಿಡಿಸೀತು. ಆದರೆ ಗುಳ್ಳೆಯೊಳಗಿನ ಮಾತು ಒಂದು ಸಂದರ್ಭಕ್ಕೆ ಕಟ್ಟುಬೀಳುತ್ತದೆ. ಇಂಥ ದಿನ, ಇಂಥವರಿಗೆ, ಇಂಥ ಕಾರಣಕ್ಕಾಗಿ ಹೇಳಿದ್ದು ಎಂದು ಚಿತ್ರವೇ ಸಾರಿಬಿಡುತ್ತದೆ. ವಚನಗಳ ಹಸ್ತಪ್ರತಿಗಳಲ್ಲಿ ಸಾಮಾನ್ಯವಾಗಿ ಇಂಥ ಸಂದರ್ಭಸೂಚನೆ ಇರುವುದಿಲ್ಲ. ಆದ್ದರಿಂದಲೇ ಓದುಗನು ಅದನ್ನು ತನಗೇ ಹೇಳಿದ ಮಾತೆಂದು ಸ್ವೀಕರಿಸಬಲ್ಲನು. ಆಸ್ಥಾನದ ಕುಹಕಿಯೊಬ್ಬನಿಗೆ ಹೇಳಿದ ಮಾತೆಂದು ಚಿತ್ರಿಸಿದೊಡನೆ ಓದುಗನು ತಪ್ಪಿಸಿಕೊಳ್ಳುತ್ತಾನೆ. ತಪ್ಪು ಕುಹಕಿಯದು, ತನ್ನದಲ್ಲ ಎಂದು ಪುಟ ಮಗುಚುತ್ತಾನೆ.

ಹಾಗೆಂದು ವಚನಕ್ಕೆ ಸಂದರ್ಭ ಕಲ್ಪಿಸುವುದೇ ದೋಷವೆನ್ನಲಾಗದು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಸಂಕಲಿಸಿದ ಶೂನ್ಯಸಂಪಾದನೆಯು ಮಾಡಿದುದು ಇದನ್ನೇ ಅಲ್ಲವೇ? ಬಿಡಿಬಿಡಿಯಾಗಿದ್ದ ವಚನಗಳನ್ನು ಅದು ಶರಣರ ಸಂವಾದವಾಗಿ ಜೋಡಿಸಿತು, ಪ್ರಸಂಗಗಳನ್ನು ಕಟ್ಟಿತು, ನಾಟಕದಂತೆ ಮುಂದಿಟ್ಟಿತು. ಮುಂದೆ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ ಇವರು ಅದನ್ನು ಪರಿಷ್ಕರಿಸಿದರು. ಆದರೆ ಅಲ್ಲಿಯ ಸಂವಾದದಲ್ಲಿ ಅಕ್ಕಮಹಾದೇವಿಯೂ ಅಲ್ಲಮನ ಕಠಿಣ ಪ್ರಶ್ನೆಗಳಿಗೆ ಉತ್ತರಿಸಬೇಕು. ಕೆರೆಕಟ್ಟೆಗಳ ಕಾಯಕದಲ್ಲಿ ಮುಳುಗಿದ ಸಿದ್ಧರಾಮನಂಥ ಯೋಗಿಯೂ ಅಲ್ಲಮನಿಂದ ತಿದ್ದಿಸಿಕೊಳ್ಳಬೇಕು. ಸಂದರ್ಭವನ್ನು ಕಲ್ಪಿಸಿದುದು ಪ್ರಶ್ನೆಯನ್ನು ಹರಿತಗೊಳಿಸಲಿಕ್ಕೆ, ಮುಚ್ಚಲಿಕ್ಕಲ್ಲ. ಚಿತ್ರಕಥೆಯ ಮಹಾತ್ಮನಾದರೋ ಸಾಮಾನ್ಯವಾಗಿ ಮೊದಲ ಪುಟದಿಂದಲೇ ಪರಿಪೂರ್ಣನು. ಅವನು ಸೋಲುವುದಿಲ್ಲ, ಸಂಶಯಪಡುವುದಿಲ್ಲ, ಕಲಿಯುವುದಿಲ್ಲ. ಬಸವಣ್ಣನವರ ವಚನಗಳ ಜೀವಾಳವಾದ ಆತ್ಮನಿರೀಕ್ಷಣೆಗೆ, ತನ್ನ ಕುಂದನ್ನು ತಾನೇ ಎತ್ತಿ ಆಡುವ ಆ ದಿಟ್ಟತನಕ್ಕೆ ಅಲ್ಲಿ ಚೌಕವೇ ದೊರೆಯುವುದಿಲ್ಲ.

ಇನ್ನೊಂದು ತೊಡಕೂ ಉಂಟು. ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿಯಿರೆಂದ ಪರಂಪರೆಯ ಪ್ರವರ್ತಕನನ್ನೇ ಒಂದು ಸ್ಥಿರವಾದ ರೂಪದಲ್ಲಿ ನಿಲ್ಲಿಸುವುದು ಎಂಥ ವಿರೋಧಾಭಾಸ! ಈ ಹೊಣೆಯನ್ನು ಚಿತ್ರಕಥೆಯೊಂದರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಪಂಚಾಂಗದ ಪಟ, ಚಲನಚಿತ್ರ, ವೃತ್ತದ ಪ್ರತಿಮೆ ಇವೆಲ್ಲವೂ ಇದರಲ್ಲಿ ಪಾಲುದಾರರು.

ಉಳಿಯುವ ಕರ್ತವ್ಯ

1987ರಲ್ಲಿ ದೂರದರ್ಶನದಲ್ಲಿ ರಾಮಾಯಣವೂ 1988ರಲ್ಲಿ ಮಹಾಭಾರತವೂ ಆರಂಭವಾದ ಮೇಲೆ ಕಥೆಯ ಮನೆ ಪುಸ್ತಕದಿಂದ ಪರದೆಗೆ ಸರಿಯಿತು. 2007ರಲ್ಲಿ ಅಮರ ಚಿತ್ರಕಥೆಯು ಹೊಸ ಒಡೆತನಕ್ಕೆ ಹೋಯಿತು. ಇಂದು ಅದನ್ನು ಕಾಗದದಲ್ಲಿಯೂ ಮೊಬೈಲಿನಲ್ಲಿಯೂ ಓದಬಹುದು. ಮಾಧ್ಯಮ ಬದಲಾದರೂ ಪ್ರಶ್ನೆ ಬದಲಾಗಿಲ್ಲ. ಮಗುವಿನ ಕೈಗೆ ಕೊಟ್ಟ ಚಿತ್ರದ ಪಕ್ಕದಲ್ಲಿ ಈಗ ಹೇಳುಗನಾರು?

ರಾಮನ ತಾಯಿಯ ಹೆಸರನ್ನರಿಯದ ಮಕ್ಕಳನ್ನು ಕಂಡು ಕಾರ್ಕಳದ ಅನಾಥ ಬಾಲಕನು ಬೆಳೆದು ಮಾಡಿದ ಕಾರ್ಯ ಸಣ್ಣದಲ್ಲ. ಹೆಸರು ತಿಳಿಯದವನಿಗೆ ಹೆಸರು ತಿಳಿಸುವುದು ಮೊದಲ ಮೆಟ್ಟಿಲು. ಆ ಮೆಟ್ಟಿಲನ್ನು ಚಿತ್ರಕಥೆಯು ಚೆನ್ನಾಗಿ ಕಟ್ಟಿತು. ಎರಡನೆಯ ಮೆಟ್ಟಿಲು ಮನೆಯವರದು, ಗುರುಗಳದು, ಮಠಗಳದು. ಮಗುವು ಬಸವಣ್ಣನವರ ಚಿತ್ರಕಥೆಯನ್ನು ಓದಿ ಮುಗಿಸಿದಾಗ ಹಿರಿಯರು ಪಕ್ಕದಲ್ಲಿ ಕುಳಿತು ಒಂದು ವಚನವನ್ನು ಬಾಯಾರೆ ಹೇಳಬೇಕು. ಇದನ್ನು ಯಾರಿಗೆ ಹೇಳಿದ್ದು ಎಂದು ಮಗು ಕೇಳುತ್ತದೆ. ನಿನಗೆ ಮತ್ತು ನನಗೆ ಎಂದು ಉತ್ತರಿಸುವವರು ಇರುವವರೆಗೆ ಚಿತ್ರದಿಂದ ಕೇಡಿಲ್ಲ. ಆ ಉತ್ತರ ಹೇಳುವವರಿಲ್ಲದ ಮನೆಯಲ್ಲಿ ಪುಸ್ತಕವೆಷ್ಟಿದ್ದರೂ ಶರಣರು ಬಣ್ಣದ ಬೊಂಬೆಗಳಾಗಿಯೇ ಉಳಿದಾರು.